ಹೊಸ ಮನೆಗೆ ಬಂದ ಬೆಕ್ಕು

ಪಕ್ಕದ ಊರಿನಿಂದ ತಂದ ಬೆಕ್ಕು ಎರಡೇ ದಿನಗಳಲ್ಲಿ ಕಾಣದಂತಾಯಿತೆಂಬ ಮಾತನ್ನು ನಾವು ಹಳ್ಳಿಗಳಲ್ಲಿ ಪದೇ ಪದೇ ಕೇಳುತ್ತೇವೆ. ಹಾಲೆರೆದರು, ಅನ್ನವಿಟ್ಟರು, ಮಕ್ಕಳು ಎತ್ತಿ ಮುದ್ದಾಡಿದರು. ಆದರೂ ಅದು ನಿಲ್ಲಲಿಲ್ಲ. ಇದನ್ನು ಕಂಡವರು ಬೆಕ್ಕಿಗೆ ನಾಯಿಯಂತೆ ಕೃತಜ್ಞತೆಯಿಲ್ಲ, ಅದು ನಂಬತಕ್ಕ ಪ್ರಾಣಿಯಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನವು ಸರಿಯೇ? ಬೆಕ್ಕಿನ ಶರೀರ ರಚನೆಯನ್ನೂ ಸ್ವಭಾವವನ್ನೂ ಪರೀಕ್ಷಿಸಿದರೆ, ತಪ್ಪು ಬೆಕ್ಕಿನದಲ್ಲವೆಂದೂ ಅದನ್ನು ಬರಮಾಡಿಕೊಂಡ ರೀತಿಯದೆಂದೂ ತಿಳಿದುಬರುತ್ತದೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಮಂದೆಯ ಪ್ರಾಣಿ, ನೆಲೆಯ ಪ್ರಾಣಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಳೆ ಕಡಮೆಯಾದ ಬಯಲುಸೀಮೆಯ ಊರು ಇದು. ಮ್ಯಾಸಬೇಡರ ಕಟ್ಟೆಮನೆಗಳಲ್ಲಿ ಒಂದೆಂದು ಹೆಸರಾಗಿದೆ. ಪಶುಪಾಲನೆಯು ಇಲ್ಲಿನ ಜನರ ಬಾಳಿನಲ್ಲಿ ತಲೆತಲಾಂತರದಿಂದ ಬೆರೆತುಬಂದಿದೆ. ದೇವರ ಎತ್ತುಗಳನ್ನು ಸಾಕುವ ಸಂಪ್ರದಾಯವನ್ನು ಇಲ್ಲಿ ಇಂದಿಗೂ ಕಾಣಬಹುದು. ಮೇವು ಮುಗಿದರೆ ಎತ್ತುಗಳ ಮಂದೆಯನ್ನಾಗಲಿ ಕುರಿಯ ಮಂದೆಯನ್ನಾಗಲಿ ಮತ್ತೊಂದು ಕಾವಲಿಗೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿನ ನೆಲ ಹೊಸದು, ನೀರು ಹೊಸದು. ಆದರೂ ಪ್ರಾಣಿಗಳು ಬೇಗನೆ ಮೇಯತೊಡಗುತ್ತವೆ. ಏಕೆಂದರೆ ಕುರಿಗೆ ತನ್ನ ಅಕ್ಕಪಕ್ಕದಲ್ಲಿ ಮಂದೆ ಇದ್ದರೆ ಸಾಕು. ಮಂದೆಯೇ ಅದರ ಮನೆ.

ಬೆಕ್ಕಿನ ಸಂಗತಿ ಇದಕ್ಕೆ ವಿರುದ್ಧವಾದುದು. ಅದರ ಪೂರ್ವಜವಾದ ಕಾಡುಬೆಕ್ಕು ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಗಳ ಒಣನೆಲದಲ್ಲಿ ಒಂಟಿಯಾಗಿ ಬೇಟೆಯಾಡಿ ಬದುಕುವ ಪ್ರಾಣಿ. ಒಂಟಿ ಬೇಟೆಗಾರನಿಗೆ ಮಂದೆಯ ರಕ್ಷಣೆಯಿಲ್ಲ. ಎಲ್ಲಿ ಇಲಿಯ ಬಿಲವಿದೆ, ಎಲ್ಲಿ ನೀರಿದೆ, ಶತ್ರು ಬಂದಾಗ ಯಾವ ಸಂದಿಯಲ್ಲಿ ನುಸುಳಬೇಕು ಎಂಬುದನ್ನು ಅದು ಕೂದಲೆಳೆಯಷ್ಟೂ ತಪ್ಪದಂತೆ ತಿಳಿದಿರಬೇಕು. ಈ ತಿಳಿವಳಿಕೆಯೇ ಅದರ ಆಸ್ತಿ. ಅದನ್ನು ಬೇರೆ ಊರಿಗೆ ಒಯ್ದಾಗ ಆ ಆಸ್ತಿಯೆಲ್ಲ ಒಂದೇ ಗಳಿಗೆಯಲ್ಲಿ ಕಳೆದುಹೋಗುತ್ತದೆ. ನಾಯಿಯಾದರೆ ಯಜಮಾನನ ಹಿಂದೆ ಹೋಗಿ ಹೊಸ ಊರನ್ನು ಒಪ್ಪಿಕೊಳ್ಳುತ್ತದೆ. ಬೆಕ್ಕು ಮೊದಲು ನೆಲೆಯನ್ನು ಒಪ್ಪಬೇಕು, ಆಮೇಲೆ ಜನರನ್ನು.

ಮನುಷ್ಯನಿಗೂ ಬೆಕ್ಕಿಗೂ ಉಂಟಾದ ಸ್ನೇಹವು ಬಹು ಹಳೆಯದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಅಸ್ಥಿಪಂಜರದಿಂದ ಮೊಳದೊಳಗಿನ ಅಂತರದಲ್ಲಿಯೇ ಬೆಕ್ಕಿನ ಅಸ್ಥಿಪಂಜರವೂ ದೊರೆತುದನ್ನು ಫ್ರಾನ್ಸಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ಬೇಸಾಯ ಆರಂಭವಾಗಿ ಧಾನ್ಯ ಕೂಡಿಡುವುದು ರೂಢಿಯಾದಾಗ ಇಲಿಗಳು ಬಂದುವು. ಇಲಿಗಳನ್ನು ಹಿಂಬಾಲಿಸಿ ಬೆಕ್ಕು ಬಂದಿತು. ನನ್ನಿವಾಳದ ಸುತ್ತಿನ ರೈತರ ಮನೆಗೆ ಬೆಕ್ಕು ಬರುವುದೂ ಬಹುಮಟ್ಟಿಗೆ ಇದೇ ಕಾರಣದಿಂದ. ಚಳ್ಳಕೆರೆಯು ಎಣ್ಣೆಯ ವ್ಯಾಪಾರಕ್ಕೆ ಹೆಸರಾದ ಪಟ್ಟಣ. ಸುತ್ತಲಿನ ಹೊಲಗಳ ಮುಖ್ಯ ಬೆಳೆ ಶೇಂಗಾ. ಶೇಂಗಾ ಕಿತ್ತು ಚೀಲ ತುಂಬಿ ಮನೆಯಲ್ಲಿಟ್ಟೊಡನೆ ಇಲಿಯ ಕಾಟ ಮೊದಲಾಗುತ್ತದೆ. ಇಲಿಯು ದಿನಕ್ಕೆ ತನ್ನ ತೂಕದ ಸುಮಾರು ಹತ್ತನೆಯ ಒಂದು ಪಾಲು ತಿನ್ನುತ್ತದೆ. ತಿಂದುದಕ್ಕಿಂತ ಕೆಡಿಸಿದುದೇ ಹೆಚ್ಚು. ಅದರ ಗರ್ಭಾವಧಿಯೂ ಮೂರು ವಾರಗಳಷ್ಟೆ. ಆದುದರಿಂದ ಬಿತ್ತನೆಗೆಂದು ಇಟ್ಟ ಕಾಯನ್ನು ಉಳಿಸಿಕೊಳ್ಳಲು ಬೆಕ್ಕೊಂದು ಮನೆಯಲ್ಲಿ ನೆಲೆಸುವುದೋ ಓಡಿಹೋಗುವುದೋ ಎಂಬುದು ಬಡ ರೈತನಿಗೆ ಸಣ್ಣ ಪ್ರಶ್ನೆಯಲ್ಲ.

ಮೂಗಿನಿಂದ ಕಟ್ಟಿದ ಮನೆ

ನಾವು ಮನೆಯನ್ನು ಕಣ್ಣಿನಿಂದ ಗುರುತಿಸುತ್ತೇವೆ. ಬೆಕ್ಕು ಮುಖ್ಯವಾಗಿ ಮೂಗಿನಿಂದ ಗುರುತಿಸುತ್ತದೆ. ಅದರ ಕೆನ್ನೆ, ಗದ್ದ, ಹಣೆ, ಬಾಲದ ಬುಡ ಮತ್ತು ಅಂಗಾಲುಗಳಲ್ಲಿ ಸಣ್ಣ ಗ್ರಂಥಿಗಳಿವೆ. ಬೆಕ್ಕು ಬಾಗಿಲಿನ ಚೌಕಟ್ಟಿಗೋ ನಮ್ಮ ಕಾಲಿಗೋ ಕೆನ್ನೆಯನ್ನು ಉಜ್ಜುವಾಗ ಈ ಗ್ರಂಥಿಗಳ ಸ್ರಾವವು ಅಲ್ಲಿ ಅಂಟಿಕೊಳ್ಳುತ್ತದೆ. ನಮಗೆ ಆ ವಾಸನೆ ತಿಳಿಯದು. ಬೆಕ್ಕಿಗಾದರೋ ಅದು ‘ಈ ಸ್ಥಳ ನನಗೆ ಪರಿಚಿತವಾದುದು’ ಎಂದು ಬರೆದಿಟ್ಟ ಹಾಗೆ. ಮೂಗಲ್ಲದೆ ಬಾಯಿಯ ಮೇಲಂಗಳದಲ್ಲಿ ವಾಸನೆ ಹಿಡಿಯುವ ಮತ್ತೊಂದು ಅಂಗವೂ ಅದಕ್ಕುಂಟು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇದನ್ನು ವರ್ಣಿಸಿದ ಡೆನ್ಮಾರ್ಕಿನ ಲುಡ್ವಿಗ್ ಯಾಕೋಬ್ಸನ್ನನ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಬೆಕ್ಕು ಏನನ್ನಾದರೂ ಮೂಸಿ, ತುಟಿಯನ್ನು ಮೇಲೆತ್ತಿ, ಬಾಯಿ ಅರೆತೆರೆದು ನಿಂತಿರುವುದನ್ನು ವಾಚಕರು ಕಂಡಿರಬಹುದು. ಆಗ ಅದು ವಾಸನೆಯನ್ನು ಈ ಅಂಗಕ್ಕೆ ಮುಟ್ಟಿಸುತ್ತಿರುತ್ತದೆ.

ಹೀಗಿರುವಾಗ ಹೊಸ ಮನೆ ಬೆಕ್ಕಿಗೆ ಹೇಗೆ ತೋರಬೇಕು? ಅಲ್ಲಿ ಅದರ ಗುರುತು ಒಂದೂ ಇಲ್ಲ. ನಾಯಿಯ ವಾಸನೆ, ಕುರಿಯ ವಾಸನೆ, ಒಲೆಯ ಹೊಗೆ, ಅಪರಿಚಿತ ಜನರ ಬೆವರು—ಎಲ್ಲವೂ ಒಟ್ಟಿಗೆ ಮುತ್ತುತ್ತವೆ. ಕಿವಿಯೂ ಬಹು ಸೂಕ್ಷ್ಮ. ಮನುಷ್ಯನಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳಿಸಿದರೆ, ಬೆಕ್ಕಿಗೆ ಸುಮಾರು 85,000 ಕಂಪನಗಳವರೆಗೂ ಕೇಳಿಸುತ್ತದೆ. ನಾವು ನಿಶ್ಶಬ್ದವೆಂದು ಬಗೆಯುವ ಕೋಣೆಯೂ ಅದಕ್ಕೆ ನಿಶ್ಶಬ್ದವಲ್ಲ. ಇಂಥ ಸ್ಥಿತಿಯಲ್ಲಿ ಅದು ‘ಅಂಗಾಲು ಸುಟ್ಟ ಬೆಕ್ಕಿನಂತೆ’ ತಿರುಗಾಡಿದರೆ ಆಶ್ಚರ್ಯವೇನು? ಈ ಗಾದೆಯನ್ನು ಕಟ್ಟಿದವರು ಬೆಕ್ಕನ್ನು ಚೆನ್ನಾಗಿ ನೋಡಿದ್ದರು.

ಹಳೆಯ ಮನೆಯ ಸೆಳೆತವೂ ಸಾಮಾನ್ಯವಾದುದಲ್ಲ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಹೆರಿಕ್ ಎಂಬವರು ಮರಿಗಳಿದ್ದ ತಾಯಿಬೆಕ್ಕೊಂದನ್ನು ಮುಚ್ಚಿ ಒಯ್ದು ಕೆಲವು ಮೈಲಿ ದೂರದ ಬೇರೆ ಬೇರೆ ಸ್ಥಳಗಳಲ್ಲಿ ಬಿಟ್ಟು ಪರೀಕ್ಷಿಸಿ, ಅದು ಮರಿಗಳ ಬಳಿಗೆ ಹಿಂತಿರುಗಿ ಬಂದುದನ್ನು 1922ರಲ್ಲಿ ಪ್ರಕಟಿಸಿದರು. ದೂರ ಬಹಳ ಹೆಚ್ಚಾದಾಗ ಮಾತ್ರ ಅದಕ್ಕೆ ದಾರಿ ಸಿಕ್ಕಲಿಲ್ಲ. ಆದುದರಿಂದ ಕಣ್ಣು ಕಾಣದಂತೆ ಗೋಣಿಚೀಲದಲ್ಲಿ ಕಟ್ಟಿ ತಂದರೆ ಬೆಕ್ಕು ಹಿಂತಿರುಗಲಾರದೆಂಬ ಲೆಕ್ಕಾಚಾರಕ್ಕೆ ಆಧಾರವಿಲ್ಲ. ಚೀಲದ ಉಸಿರುಕಟ್ಟು ಅದಕ್ಕೆ ಭಯವನ್ನು ಕಲಿಸುತ್ತದೆಯೇ ಹೊರತು ಹಳೆಯ ಮನೆಯನ್ನು ಮರೆಸುವುದಿಲ್ಲ.

ಭಯದ ಪಾಠ ಬೇಗ, ನಂಬಿಕೆಯ ಪಾಠ ನಿಧಾನ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದವರಾರು? ಮೊದಲ ದಿನವೇ ಕುದಿಯುವ ಹಾಲನ್ನಿಟ್ಟನಂತೆ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲನ್ನು ಕಂಡರೇ ಓಡುತ್ತಿತ್ತಂತೆ. ಕಥೆಯು ನಗಿಸುವುದಕ್ಕಾಗಿ ಹುಟ್ಟಿದ್ದರೂ ಅದರಲ್ಲಿ ಒಂದು ಪ್ರಾಣಿಶಾಸ್ತ್ರದ ಸತ್ಯವಿದೆ. ಅಪಾಯವನ್ನು ಒಂದೇ ಅನುಭವದಿಂದ ಕಲಿಯಬಲ್ಲ ಪ್ರಾಣಿಯೇ ಬದುಕಿ ಉಳಿಯುತ್ತದೆ. ಆದುದರಿಂದ ಭಯದ ಪಾಠ ಒಂದು ಸಲಕ್ಕೇ ನಾಟುತ್ತದೆ. ನಂಬಿಕೆಯ ಪಾಠಕ್ಕೆ ಅನೇಕ ಸಲದ ಅಭ್ಯಾಸ ಬೇಕು. ಮೊದಲ ದಿನ ಮಕ್ಕಳೆಲ್ಲರೂ ಸುತ್ತುಗಟ್ಟಿ ಬೆಕ್ಕನ್ನು ಹಿಡಿದೆಳೆದರೆ, ಆಮೇಲೆ ಇಡುವ ಹಾಲು ಅದನ್ನು ಸುಲಭವಾಗಿ ಅಳಿಸಲಾರದು.

ಮರಿಯ ವಯಸ್ಸೂ ಇಲ್ಲಿ ಮುಖ್ಯ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಬೆಳೆದ ಮರಿಗಳು ಮುಂದೆ ಜನರಿಗೆ ಹೆದರುವುದು ಕಡಮೆಯೆಂದು 1980ರ ದಶಕದಲ್ಲಿ ಅಮೆರಿಕದ ಐಲೀನ್ ಕಾರ್ಷ್ ಎಂಬವರು ತಮ್ಮ ಪ್ರಯೋಗಗಳಿಂದ ತೋರಿಸಿದರು. ಹಾಗೆಂದು ಎಳೆಯ ಮರಿಯನ್ನು ತಾಯಿಯಿಂದ ಅಗಲಿಸಿ ತರಬಾರದು. ಕನಿಷ್ಠ ಎಂಟು ವಾರಗಳಾದರೂ ಅದು ತಾಯಿಯ ಬಳಿ ಇರಬೇಕು. ತಾಯಿಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆಂದು ನಮ್ಮವರು ಹೇಳುವುದುಂಟು. ಸಂಖ್ಯೆ ಏಳೇ ಆಗಬೇಕೆಂದಿಲ್ಲ. ಆದರೆ ಗದ್ದಲವಾದೊಡನೆ ತಾಯಿಯು ಮರಿಗಳನ್ನು ಕಚ್ಚಿಕೊಂಡು ಬೇರೆ ಮರೆಗೆ ಸಾಗಿಸುವುದು ನಿಜ. ಮರೆಯೆಂಬುದು ಬೆಕ್ಕಿನ ಜಾತಿಗೆ ಎಷ್ಟು ಅವಶ್ಯಕವೆಂಬುದಕ್ಕೆ ಇದೇ ಸಾಕ್ಷಿ.

ಈ ಮರೆಯ ಬೆಲೆಯನ್ನು ಅಳೆದು ನೋಡಿದವರೂ ಇದ್ದಾರೆ. ನೆದರ್ಲೆಂಡ್ಸಿನ ಪ್ರಾಣಿ ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗಿಕೊಳ್ಳಲು ಒಂದೊಂದು ಪೆಟ್ಟಿಗೆ ಕೊಟ್ಟು, ಉಳಿದ 9ಕ್ಕೆ ಕೊಡದೆ, ಹದಿನಾಲ್ಕು ದಿನ ಅವುಗಳ ವರ್ತನೆಯನ್ನು ಗುರುತುಹಾಕಿಕೊಂಡರು. ಪೆಟ್ಟಿಗೆಯಿದ್ದ ಬೆಕ್ಕುಗಳು ಮೊದಲ ಕೆಲವು ದಿನಗಳಲ್ಲಿಯೇ ಶಾಂತವಾದುವು. ಪೆಟ್ಟಿಗೆಯಿಲ್ಲದವು ಅದೇ ಮಟ್ಟವನ್ನು ಮುಟ್ಟಲು ಸುಮಾರು ಎರಡು ವಾರ ಹಿಡಿಯಿತು. 2014ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ನಾವು ಕಲಿಯಬೇಕಾದುದು ಸರಳವಾಗಿದೆ: ಅಡಗಿದ ಬೆಕ್ಕನ್ನು ಹೊರಗೆಳೆಯಬಾರದು. ಅಡಗುವ ಅವಕಾಶವಿದ್ದ ಬೆಕ್ಕೇ ಬೇಗ ಹೊರಗೆ ಬರುತ್ತದೆ.

ಮೊದಲ ಮೂರು ದಿನಗಳು

ಈಗ ಕಾರ್ಯಕ್ರಮವನ್ನು ನೋಡೋಣ. ಬೆಕ್ಕನ್ನು ಚೀಲದ ಬದಲು ಗಾಳಿಯಾಡುವ, ಮುಚ್ಚಳವಿರುವ ಬುಟ್ಟಿಯಲ್ಲಿ ತರಬೇಕು. ಅದು ಮೊದಲು ಮಲಗುತ್ತಿದ್ದ ಬಟ್ಟೆಯ ತುಂಡನ್ನು ತೊಳೆಯದೆ ಜೊತೆಯಲ್ಲಿ ತರುವುದು ಅತ್ಯಾವಶ್ಯಕ. ಆ ತುಂಡಿನಲ್ಲಿರುವ ವಾಸನೆಯೊಂದೇ ಹೊಸ ಮನೆಯಲ್ಲಿ ಅದಕ್ಕೆ ಹಳೆಯ ಗೆಳೆಯ. ಹಳೆಯ ಬಟ್ಟೆ ಸಿಕ್ಕದಿದ್ದರೆ ಕಂಬಳಿಯ ತುಂಡೊಂದನ್ನು ಎರಡು ದಿನ ಮೊದಲೇ ಕಳುಹಿಸಿ ಅದರ ಮೇಲೆ ಬೆಕ್ಕು ಮಲಗುವಂತೆ ಮಾಡಬಹುದು. ಕಂಬಳಿಗೆ ಹೆಸರಾದ ಚಳ್ಳಕೆರೆಯ ಸೀಮೆಯಲ್ಲಿ ಇದು ಕಷ್ಟವಲ್ಲ.

ಇಡೀ ಮನೆಯನ್ನು ಒಮ್ಮೆಲೇ ತೋರಿಸುವುದಕ್ಕಿಂತ ಒಂದು ಸಣ್ಣ ಕೋಣೆಯಲ್ಲಿ ಇಡುವುದು ಲೇಸು. ಮಾಳಿಗೆಯ ಮನೆಯಾದರೆ ಬೆಳಕಿಂಡಿಯನ್ನು ಮೊದಲು ಭದ್ರಪಡಿಸಬೇಕು. ಹೆದರಿದ ಬೆಕ್ಕು ಚೀಲಗಳ ಅಟ್ಟಿಯನ್ನೇರಿ ಅಲ್ಲಿಂದಲೇ ಪರಾರಿಯಾಗುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಬೋರಲು ಹಾಕಿ ಬಾಯಿ ಕೊರೆದ ರಟ್ಟಿನ ಪೆಟ್ಟಿಗೆ, ಅದರೊಳಗೆ ಕಂಬಳಿಯ ತುಂಡು. ಇನ್ನೊಂದು ಬದಿಯಲ್ಲಿ ಆಹಾರ ಮತ್ತು ನೀರು. ಇವುಗಳಿಂದ ದೂರದ ಮೂಲೆಯಲ್ಲಿ ಮಲವಿಸರ್ಜನೆಗೆ ಅಗಲವಾದ ತಟ್ಟೆಯಲ್ಲಿ ನಾಲ್ಕು ಬೆರಳಿನಷ್ಟು ಒಣ ಮರಳು—ಇಷ್ಟಿದ್ದರೆ ಸಾಕು. ಬೆಕ್ಕು ತಾನು ಉಣ್ಣುವ ಕಡೆ ಹೊಲಸು ಮಾಡಲೊಲ್ಲದು. ಎರಡನ್ನೂ ಒಂದೇ ಕಡೆ ಇಟ್ಟರೆ ಅದು ಬೇರೆ ಜಾಗವನ್ನು ಹುಡುಕುತ್ತದೆ. ಮರಳಿನಲ್ಲಿ ಮುಚ್ಚಿದುದನ್ನು ದಿನವೂ ತೆಗೆದು ದೂರ ಹೂಳಬೇಕು. ಬೆಕ್ಕಿನ ಮಲದಲ್ಲಿ ಬರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಕೋಶಗಳು ಸೋಂಕು ಹತ್ತಿಸುವಷ್ಟು ಬಲಿಯಲು ಒಂದು ದಿನವಾದರೂ ಬೇಕು. ನಿತ್ಯದ ಶುಚಿತ್ವದಿಂದ ಅಪಾಯ ಬಹಳ ತಗ್ಗುತ್ತದೆ. ಗರ್ಭಿಣಿಯರು ಈ ಕೆಲಸವನ್ನು ಮಾಡಬಾರದು.

ಮೊದಲ ದಿನ ಬೆಕ್ಕಿಗೆ ಸ್ನಾನ ಮಾಡಿಸಕೂಡದು. ಮಾಡಿಸಿದರೆ ಅದರ ಮೈಯ ಸ್ವಂತ ವಾಸನೆಯನ್ನೂ ಕಳೆದಂತಾಗುತ್ತದೆ. ಮನೆಯವರಲ್ಲಿ ಒಬ್ಬರು ದಿನಕ್ಕೆ ಎರಡು ಮೂರು ಸಲ ಕೋಣೆಗೆ ಹೋಗಿ ನೆಲದ ಮೇಲೆ ಸುಮ್ಮನೆ ಕುಳಿತಿರಬೇಕು. ವಿದ್ಯಾರ್ಥಿಗಳು ಪಾಠ ಓದಿಕೊಳ್ಳಲು ಇದೊಂದು ಒಳ್ಳೆಯ ಅವಕಾಶ. ಬೆಕ್ಕನ್ನು ದಿಟ್ಟಿಸಿ ನೋಡಬಾರದು. ಪ್ರಾಣಿಲೋಕದಲ್ಲಿ ದಿಟ್ಟನೋಟವು ಸವಾಲಿನ ಚಿಹ್ನೆ. ಅದರ ಕಡೆ ನೋಡಿ ಕಣ್ಣನ್ನು ಮೆಲ್ಲಗೆ ಅರೆಮುಚ್ಚಿ ತೆರೆದರೆ ಬೆಕ್ಕೂ ಹಾಗೆಯೇ ಮಾಡುವುದೆಂದೂ, ಹಾಗೆ ಮಾಡಿದವರ ಚಾಚಿದ ಕೈಯ ಬಳಿಗೆ ಹೆಚ್ಚಾಗಿ ಬರುವುದೆಂದೂ ಇಂಗ್ಲೆಂಡಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಬೆಕ್ಕು ತಾನಾಗಿಯೇ ಬಂದು ಕೆನ್ನೆ ಉಜ್ಜಿದ ದಿನ ಒಂದು ಗುರುತು ಬಿದ್ದಿತೆಂದು ತಿಳಿಯಬಹುದು. ಆಮೇಲೆ ಬಾಗಿಲು ತೆರೆದು, ಉಳಿದ ಮನೆಯನ್ನು ಒಂದೊಂದು ಕೋಣೆಯಂತೆ ಪರಿಚಯಿಸಬೇಕು.

ಮನೆಯಲ್ಲಿ ನಾಯಿ ಇದ್ದರೆ ಎರಡನ್ನೂ ಎದುರೆದುರು ನಿಲ್ಲಿಸುವ ಮೊದಲು ವಾಸನೆಗಳ ಪರಿಚಯ ಮಾಡಿಸುವುದು ಜಾಣತನ. ಬೆಕ್ಕಿನ ಬಟ್ಟೆಯನ್ನು ನಾಯಿಯ ಬಳಿ, ನಾಯಿಯ ಬಟ್ಟೆಯನ್ನು ಬೆಕ್ಕಿನ ಬಳಿ ಕೆಲವು ದಿನ ಇಟ್ಟು, ಆಮೇಲೆ ನಾಯಿಯನ್ನು ಕಟ್ಟಿಹಾಕಿಕೊಂಡು ದೂರದಿಂದ ತೋರಿಸಬೇಕು. ಬೆಕ್ಕಿಗೆ ಹತ್ತಿ ಕೂರಲು ಎತ್ತರದ ಜಾಗವೊಂದು ಇರಲೇಬೇಕು.

ಆಹಾರ ಮತ್ತು ನೀರು

ಬೆಕ್ಕೆಂದರೆ ಹಾಲು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವವು ಮರಿ ಬೆಳೆದಂತೆ ಕಡಮೆಯಾಗುತ್ತದೆ. ಬೆಳೆದ ಬೆಕ್ಕಿಗೆ ಹಾಲು ಹೆಚ್ಚಾದರೆ ಭೇದಿಯಾಗುತ್ತದೆ. ಹೆದರಿದ ಬೆಕ್ಕಿಗಂತೂ ಇದು ಮತ್ತಷ್ಟು ಕಷ್ಟ. ಬೆಕ್ಕು ಮೂಲತಃ ಮಾಂಸಾಹಾರಿ. ಟಾರಿನ್ ಎಂಬ ಪದಾರ್ಥವನ್ನು ಅದರ ಶರೀರವು ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನುಗಳಿಂದಲೇ ಪಡೆಯಬೇಕು. ಇದರ ಕೊರತೆಯಾದರೆ ಕಣ್ಣಿನ ಅಕ್ಷಿಪಟಲವು ಹಾಳಾಗುವುದೆಂದು 1975ರಲ್ಲಿ ತಿಳಿದುಬಂದಿತು. ಬರಿಯ ಅನ್ನ, ಮುದ್ದೆ, ಹಾಲುಗಳಿಂದ ಬೆಕ್ಕನ್ನು ಸಾಕಲಾಗದು. ಮೊದಲ ವಾರದಲ್ಲಿ ಅದು ಹಿಂದಿನ ಮನೆಯಲ್ಲಿ ತಿನ್ನುತ್ತಿದ್ದುದನ್ನೇ ಕೊಟ್ಟು, ಆಮೇಲೆ ಕ್ರಮವಾಗಿ ಬದಲಾಯಿಸಬೇಕು. ಈರುಳ್ಳಿ, ಬೆಳ್ಳುಳ್ಳಿಗಳು ಅದರ ರಕ್ತಕಣಗಳಿಗೆ ವಿಷ. ಸಾರಿನಲ್ಲಿ ಕಲಸಿದ ಅನ್ನವನ್ನು ಹಾಕುವವರು ಇದನ್ನು ನೆನಪಿಡಬೇಕು.

ಒಣನೆಲದ ಪ್ರಾಣಿಯ ಸಂತತಿಯಾದ ಬೆಕ್ಕು ಸ್ವಭಾವತಃ ಕಡಮೆ ನೀರು ಕುಡಿಯುತ್ತದೆ. ಅದರ ಮೂತ್ರ ಬಹಳ ಗಟ್ಟಿ. ಬಯಲುಸೀಮೆಯ ಬೇಸಗೆಯಲ್ಲಿ ನೀರಿನ ಬಟ್ಟಲನ್ನು ಆಹಾರದಿಂದ ಸ್ವಲ್ಪ ದೂರ, ನೆರಳಿನಲ್ಲಿ ಇಟ್ಟು ದಿನವೂ ಬದಲಾಯಿಸಬೇಕು. ಹೊಸ ಬೆಕ್ಕು ಮೊದಲ ದಿನ ತಿನ್ನದಿದ್ದರೆ ಗಾಬರಿಯಿಲ್ಲ. ಎರಡು ದಿನ ಕಳೆದರೂ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರಿಗೆ ತೋರಿಸತಕ್ಕದ್ದು. ಬಹುದಿನ ಉಪವಾಸವಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಅಪಾಯವಾಗುತ್ತದೆ.

ಇಲಿಪಾಷಾಣವೂ ಬೆಕ್ಕೂ

ಈ ಸೀಮೆಯ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಇಲಿಗಾಗಿ ಬೆಕ್ಕನ್ನು ತಂದವರು ಇಲಿಪಾಷಾಣವನ್ನೂ ಇಡಬಾರದು. ಜಿಂಕ್ ಫಾಸ್ಫೈಡ್ ಜಠರದ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವನ್ನು ಹೊರಡಿಸುತ್ತದೆ. ಪಾಷಾಣ ಬೆರೆಸಿದ ತಿನಿಸನ್ನು ನೇರವಾಗಿ ತಿಂದರೂ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ ಇಲಿಯನ್ನು ತಿಂದರೂ ಬೆಕ್ಕಿಗೆ ಕೇಡು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಮಾಡಿಯೋಲೋನ್ ಮುಂತಾದ ವಿಷಗಳು ಇಲಿಯ ಯಕೃತ್ತಿನಲ್ಲಿ ಉಳಿದು, ಅಂಥ ಇಲಿಗಳನ್ನು ಮೇಲಿಂದ ಮೇಲೆ ತಿಂದ ಬೆಕ್ಕನ್ನು ನಿಧಾನವಾಗಿ ಕೊಲ್ಲುತ್ತವೆ. ವಿಷ ತಿಂದ ಇಲಿಗೆ ಓಟ ಕುಂದಿರುತ್ತದೆ. ಬೆಕ್ಕಿಗೆ ಮೊದಲು ಸಿಕ್ಕುವುದೇ ಅದು. ‘ಓಡಿಹೋಯಿತು’ ಎಂದುಕೊಂಡ ಬೆಕ್ಕುಗಳಲ್ಲಿ ಕೆಲವು ಹೀಗೆ ಬಣವೆಯ ಸಂದಿಯಲ್ಲಿ ಸತ್ತಿರುವುದೂ ಸಾಧ್ಯ. ಬೆಕ್ಕು ಬರುವ ಮೊದಲೇ ಪಾಷಾಣದ ತಿನಿಸನ್ನೆಲ್ಲ ಹುಡುಕಿ ತೆಗೆದು, ಆಳವಾಗಿ ಹೂಳಬೇಕು. ನೆರೆಯವರಿಗೂ ಇದನ್ನು ತಿಳಿಸುವುದು ಒಳ್ಳೆಯದು.

ಬೆಕ್ಕೊಂದರಿಂದಲೇ ಇಲಿಗಳೆಲ್ಲ ನಿರ್ಮೂಲವಾಗುವುವೆಂದೂ ಭಾವಿಸಬಾರದು. ನ್ಯೂಯಾರ್ಕ್ ನಗರದಲ್ಲಿ ನಡೆದು 2018ರಲ್ಲಿ ಪ್ರಕಟವಾದ ವೀಕ್ಷಣೆಯಲ್ಲಿ, ಬೆಕ್ಕುಗಳು ದೊಡ್ಡ ಇಲಿಗಳನ್ನು ಕೊಂದುದು ಬೆರಳೆಣಿಕೆಗೂ ಕಡಮೆ. ಆದರೆ ಬೆಕ್ಕುಗಳಿದ್ದಾಗ ಇಲಿಗಳು ಹೊರಗೆ ಸುಳಿದಾಡುವುದು ತಗ್ಗಿತು. ಚಿಕ್ಕಿಲಿ, ಇಲಿಮರಿಗಳನ್ನು ಬೆಕ್ಕು ಸುಲಭವಾಗಿ ಹಿಡಿಯುತ್ತದೆ. ಶೇಂಗಾ ಚೀಲಗಳನ್ನು ನೆಲದಿಂದ ಎತ್ತರಿಸಿ, ಗೋಡೆಯಿಂದ ದೂರವಿಟ್ಟು, ಬಿಲಗಳನ್ನು ಮುಚ್ಚಿದರೆ ಉಳಿದ ಕೆಲಸವನ್ನು ಬೆಕ್ಕು ಮಾಡಬಲ್ಲುದು. ಹಸಿವಿನಿಂದಿಟ್ಟರೆ ಚೆನ್ನಾಗಿ ಇಲಿ ಹಿಡಿಯುವುದೆಂಬುದೂ ತಪ್ಪು ಕಲ್ಪನೆ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಹಸಿದ ಬೆಕ್ಕು ಮನೆಯನ್ನೇ ಬಿಡುತ್ತದೆ.

ಹೊರಗಿನ ಲೋಕ

ಎರಡು ಮೂರು ವಾರಗಳಾದರೂ ಬೆಕ್ಕನ್ನು ಮನೆಯಿಂದ ಹೊರಗೆ ಬಿಡಬಾರದು. ಮೊದಲ ಸಲ ಬಿಡುವಾಗ ಊಟಕ್ಕೆ ಮುಂಚೆ, ಹಗಲಿನಲ್ಲಿ, ಬಾಗಿಲನ್ನು ತೆರೆದಿಟ್ಟು ಬಿಡಬೇಕು. ದಿನವೂ ಊಟಕ್ಕೆ ಒಂದೇ ಬಗೆಯಾಗಿ ಕರೆದು ಅಭ್ಯಾಸ ಮಾಡಿಸಿದ್ದರೆ ಆ ಕರೆಗೆ ಅದು ಹಿಂತಿರುಗುತ್ತದೆ. ರಾತ್ರಿ ಮನೆಯೊಳಗೇ ಇರಿಸಿಕೊಂಡರೆ ನಾಯಿಗಳಿಂದ ಅದಕ್ಕೂ, ಅದರಿಂದ ಹಕ್ಕಿಗಳಿಗೂ ರಕ್ಷಣೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಹುಲ್ಲಿನಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳಿವೆಯೆಂಬುದನ್ನು ಮರೆಯಬಾರದು.

ಬೆಕ್ಕಿನ ಗರ್ಭಾವಧಿ ಸುಮಾರು 63ರಿಂದ 65 ದಿನಗಳು. ವರ್ಷಕ್ಕೆ ಎರಡು ಸಲ ಮರಿ ಹಾಕುವುದು ಅಪರೂಪವಲ್ಲ. ಸಾಕಲಾರದಷ್ಟು ಮರಿಗಳಾಗುವ ಮೊದಲು ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಉತ್ತಮ. ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ಲಸಿಕೆ ಹಾಕಿಸಬೇಕು. ಹುಚ್ಚುನಾಯಿಯಿಂದ ಬರುವ ಈ ರೋಗವು ಬೆಕ್ಕಿನಿಂದಲೂ ಬರಬಹುದು. ಹೆದರಿದ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಅರಿಸಿನವನ್ನೋ ಸುಣ್ಣವನ್ನೋ ಮೆತ್ತಿ ಸುಮ್ಮನಿರುವುದು ಪ್ರಾಣಾಪಾಯಕರ. ರೋಗದ ಚಿಹ್ನೆಗಳು ತೋರಿದ ಮೇಲೆ ಉಳಿಯುವುದು ಅಸಾಧ್ಯಪ್ರಾಯ. ಮುಂಚೆಯೇ ಲಸಿಕೆ ತೆಗೆದುಕೊಂಡರೆ ರೋಗವೇ ಬಾರದು.

ವಿದ್ಯಾರ್ಥಿಗಳಿಗೊಂದು ಅಭ್ಯಾಸ

ಮನೆಗೆ ಹೊಸ ಬೆಕ್ಕು ಬಂದಾಗ ಒಂದು ಪುಸ್ತಕದಲ್ಲಿ ದಿನವೂ ನಾಲ್ಕು ಸಂಗತಿಗಳನ್ನು ಬರೆದಿಡಿರಿ: ಎಷ್ಟು ತಿಂದಿತು, ಎಷ್ಟು ಹೊತ್ತು ಅಡಗಿತ್ತು, ಯಾವ ಯಾವ ವಸ್ತುಗಳಿಗೆ ಕೆನ್ನೆ ಉಜ್ಜಿತು, ಎಷ್ಟು ಹತ್ತಿರದವರೆಗೆ ನಿಮ್ಮನ್ನು ಬರಗೊಟ್ಟಿತು. ಕೊನೆಯದನ್ನು ಅಡಿಗೋಲಿನಿಂದ ಅಳೆಯಬಹುದು. ಮೂರು ವಾರಗಳ ಅಂಕಿಗಳನ್ನು ಚೌಕುಳಿ ಹಾಳೆಯ ಮೇಲೆ ಗೆರೆಯಾಗಿ ಎಳೆದು ನೋಡಿರಿ. ಅಡಗುವ ಹೊತ್ತು ಇಳಿಯುತ್ತ ಹೋದಂತೆ ಕೆನ್ನೆ ಉಜ್ಜುವುದು ಏರುತ್ತ ಹೋಗುವುದೇ? ಅತಿಥಿಗಳು ಬಂದ ದಿನ, ಹಬ್ಬದ ಪಟಾಕಿಯ ದಿನ ಗೆರೆ ಏನಾಯಿತು? ಇಬ್ಬರು ಮೂವರು ಗೆಳೆಯರು ತಮ್ಮ ತಮ್ಮ ಮನೆಯ ಬೆಕ್ಕುಗಳ ಗೆರೆಗಳನ್ನು ಹೋಲಿಸಿದರೆ ಪ್ರತಿಯೊಂದು ಬೆಕ್ಕಿನ ವೇಗವೂ ಬೇರೆಯೆಂಬುದು ಗೊತ್ತಾಗುತ್ತದೆ. ಕೆಲವಕ್ಕೆ ವಾರ ಸಾಕು, ಕೆಲವಕ್ಕೆ ಮೂರು ತಿಂಗಳು ಬೇಕು.

ಬೆಕ್ಕಿಗೆ ಕೃತಜ್ಞತೆಯುಂಟೇ ಇಲ್ಲವೇ ಎಂಬ ಪ್ರಶ್ನೆಯಿಂದ ನಾವು ಹೊರಟೆವು. ಕೃತಜ್ಞತೆಯನ್ನು ಅಳೆಯುವ ಸಾಧನ ವಿಜ್ಞಾನದಲ್ಲಿಲ್ಲ. ಆದರೆ ನೆಲೆ ತಪ್ಪಿದ ಪ್ರಾಣಿಯೊಂದು ಹೊಸ ನೆಲೆಯನ್ನು ಹೇಗೆ ಕಟ್ಟಿಕೊಳ್ಳುತ್ತದೆಂಬುದನ್ನು ನೋಡಬಹುದು, ಅಳೆಯಬಹುದು, ಅದಕ್ಕೆ ನೆರವಾಗಲೂಬಹುದು. ಮಂದೆಯ ಪ್ರಾಣಿಗಳ ಮನಸ್ಸನ್ನು ತಲೆಮಾರುಗಳಿಂದ ಬಲ್ಲ ಜನರಿಗೆ ಈ ಒಂಟಿ ಪ್ರಾಣಿಯ ಮನಸ್ಸನ್ನು ತಿಳಿಯುವುದು ಕಷ್ಟವಾಗಲಾರದು. ಒಂದು ಪೆಟ್ಟಿಗೆ, ಒಂದು ತುಂಡು ಕಂಬಳಿ, ಒಂದು ತಟ್ಟೆ ಮರಳು, ಮೂರು ವಾರಗಳ ತಾಳ್ಮೆ—ಇವಿಷ್ಟಕ್ಕೆ ತಗಲುವ ಖರ್ಚು ಇಲಿ ಕಡಿದ ಒಂದು ಚೀಲ ಶೇಂಗಾದ ಬೆಲೆಗಿಂತ ಬಹಳ ಕಡಮೆ.